ಓಡಿಕೊಂಡು ಆಫೀಸಿಗೆ ಹೋದರೆ ದಿನವಿಡೀ ನಾರುವುದಿಲ್ಲವೇ?

ಪ್ರಶ್ನೆ: ಈಗೀಗ ಬೆಂಗಳೂರಲ್ಲಿ ಕೆಲವರು ಆಫೀಸಿಗೆ ಓಡಿಕೊಂಡೇ ಹೋಗುತ್ತಾರಂತೆ. ನನಗೂ ಆಸೆ. ಆದರೆ ಬೆವರು ವಾಸನೆ? ನಮ್ಮಲ್ಲಿ ಷವರ್ ಇಲ್ಲ.

ಮತ್ತೆ ಬಂತು ಬೆವರು! ಮಂಡಿ ಬಗ್ಗೆ ಕೇಳಿ, ಬೀದಿನಾಯಿ ಬಗ್ಗೆ ಕೇಳಿ, ಖುಷಿಯಿಂದ ಹೇಳುತ್ತೇನೆ. ಯಾರೂ ಕೇಳಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಆಗಷ್ಟೇ ಬಂದ ಬೆವರಿಗೆ ವಾಸನೆಯೇ ಇಲ್ಲ ಅನ್ನಬಹುದು. ಓಡುವಾಗ ಹಣೆ, ಬೆನ್ನಿನಿಂದ ಇಳಿಯುವುದು ನೀರು, ಚೂರು ಉಪ್ಪು, ಅಷ್ಟೆ. ಕಂಕುಳಲ್ಲಿರುವ ಗ್ರಂಥಿಗಳು ಬೇರೆ ಜಾತಿಯವು. ಅವುಗಳ ಬೆವರಲ್ಲಿ ಕೊಬ್ಬು, ಪ್ರೋಟೀನು ಇರುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಅದಕ್ಕೆ ಹೊತ್ತು ಬೇಕು. ಮನೆಯಲ್ಲಿ ಸ್ನಾನ ಮಾಡಿ ಓಡಿ, ತಲುಪಿದ ಮೇಲೆ ಒದ್ದೆ ಟವೆಲ್‌ನಿಂದ ಕಂಕುಳು, ಕತ್ತು ಒರೆಸಿ, ಒಗೆದ ಅಂಗಿ ಹಾಕಿಕೊಂಡರೆ ಸಾಕು. ಬಸ್ಸಲ್ಲಿ ಒಂದು ಗಂಟೆ ನೇತಾಡಿ, ಅದೇ ಅಂಗಿಯಲ್ಲಿ ಸಂಜೆ ತನಕ ಕೂರುವವರನ್ನು ಯಾರೂ ಏನೂ ಕೇಳಲ್ಲ, ಅಲ್ವಾ?

ಎಡವಟ್ಟಾಗುವುದು ಅವಸರದಲ್ಲಿ. ಓಟ ನಿಂತರೂ ಮೈಯೊಳಗಿನ ಕಾವು ತಕ್ಷಣ ಇಳಿಯಲ್ಲ. ಹತ್ತು ಹದಿನೈದು ನಿಮಿಷ ಬೆವರು ಸುರಿಯುತ್ತಲೇ ಇರುತ್ತದೆ. ಮೊದಲ ದಿನ ನಾನು ತಲುಪಿದವನೇ ಇಸ್ತ್ರಿ ಅಂಗಿ ತೊಟ್ಟು ಲಿಫ್ಟ್ ಹತ್ತಿದೆ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಬೆನ್ನ ಮೇಲೆ ಕರ್ನಾಟಕದ ಭೂಪಟ! ಈಗ ಜಯನಗರದಿಂದ ಓಡಿ, ಲಾಲ್‌ಬಾಗ್ ಹಾದು, ಡಬಲ್ ರೋಡ್ ಗೇಟಿಂದ ಆಚೆ ಬರುತ್ತೇನೆ. ರಿಚ್‌ಮಂಡ್ ಸರ್ಕಲ್ ದಾಟಿದ ಮೇಲೆ ರೆಸಿಡೆನ್ಸಿ ರಸ್ತೆಯ ಅಗಲ ಫುಟ್‌ಪಾತಿನಲ್ಲಿ ಸುಮ್ನೆ ನಡೆಯುತ್ತೇನೆ. ಆಮೇಲೇ ಬಟ್ಟೆ.

ಇದು 900 ಮೀಟರ್ ಎತ್ತರದ ಬೆಂಗಳೂರಿನ ಮಾತು. ಮಂಗಳೂರಿನ ಸೆಕೆಯಲ್ಲಿ ಬೆವರು ಆರುವುದೇ ಕಷ್ಟ, ಅಲ್ಲಿ ಷವರ್ ಹುಡುಕಿಕೊಳ್ಳಿ. ಲ್ಯಾಪ್‌ಟಾಪ್ ಹಿಂದಿನ ದಿನವೇ ಆಫೀಸಲ್ಲಿ ಬಿಡಿ. ವಾಪಸ್ ಬರಲು ಮೆಟ್ರೋ, ಬಸ್ಸು ಇದ್ದೇ ಇವೆ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ. ಬಿಚ್ಚಿದ ಟೀಶರ್ಟ್ ಏನು ಮಾಡುತ್ತೀರಿ? ನಿಜವಾದ ನಾತ ಇರುವುದು ಅಲ್ಲಿ. ಓಟದ ಟೀಶರ್ಟುಗಳು ಜಾಸ್ತಿ ಪಾಲಿಯೆಸ್ಟರ್. ಹತ್ತಿಗಿಂತ ಬೇಗ ಒಣಗುತ್ತವೆ, ಆದರೆ ಹತ್ತಿಗಿಂತ ಜಾಸ್ತಿ ನಾರುತ್ತವೆ. ಶುಕ್ರವಾರ ಪ್ಲಾಸ್ಟಿಕ್ ಕವರಿಗೆ ತುರುಕಿ ಡ್ರಾಯರಿನಲ್ಲಿ ಮರೆತುಹೋಗಿದ್ದೆ. ಸೋಮವಾರ ಅಕ್ಕಪಕ್ಕದವರು ಸತ್ತ ಇಲಿ ಹುಡುಕಿದರು. ಈಗ ಬಂದ ಕೂಡಲೇ ಸಿಂಕಿನಲ್ಲಿ ಹಿಂಡಿ, ಯುಪಿಎಸ್ ರೂಮಿನ ಬಾಗಿಲ ಹಿಂದೆ ನೇತುಹಾಕುತ್ತೇನೆ. ಹೌಸ್‌ಕೀಪಿಂಗ್ ಅಕ್ಕ ಪಾಪ, ಅದಕ್ಕೊಂದು ಹ್ಯಾಂಗರ್ ತಂದುಕೊಟ್ಟಿದ್ದಾರೆ.