ಚೀಟಿ ಯಾಕೆ ಕೊಡಬೇಕು ಎಂದು ಕೇಳಿದ ಬ್ಯಾಪ್ಟಿಸ್ಟರು

ಅಮೆರಿಕದ ಸಂವಿಧಾನದ ಚರಿತ್ರೆ ಪಾಠದಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಹೇಳಿದ ‘ಚರ್ಚಿಗೂ ಸರ್ಕಾರಕ್ಕೂ ನಡುವಿನ ಗೋಡೆ’ ಬಂದರೆ ಸಾಕು, ದೇವರನ್ನು ಅಷ್ಟಾಗಿ ನಂಬದವರ ಯೋಚನೆ ಅದು ಅಂತ ವಿದ್ಯಾರ್ಥಿಗಳು ತೀರ್ಮಾನಿಸಿಬಿಡುತ್ತಾರೆ. ಅದನ್ನು ಬರೆದದ್ದು ಯಾರಿಗೆ ಅಂತ ನೋಡಿ ಎನ್ನುತ್ತೇನೆ ನಾನು. 1802ರ ಜನವರಿ 1ರಂದು, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಬ್ಯಾಪ್ಟಿಸ್ಟ್ ಸಂಘಕ್ಕೆ, ಅವರ ಪತ್ರಕ್ಕೆ ಉತ್ತರವಾಗಿ. ಕ್ರೈಸ್ತರಲ್ಲೇ ಒಂದು ಪಂಗಡದವರು, ಕಟ್ಟಾ ದೈವಭಕ್ತರು ಅವರು.

ಬ್ಯಾಪ್ಟಿಸ್ಟರು ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದವರು ತಾವೇ ನಂಬಿ, ತಾವೇ ಕೇಳಿ ಪಡೆಯಬೇಕು. ನಂಬಿಕೆ ಹೀಗೆ ಸ್ವಂತದ್ದಾದರೆ ಅಲ್ಲಿ ಸರ್ಕಾರಕ್ಕೇನು ಕೆಲಸ? ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಥಾಮಸ್ ಹೆಲ್ವಿಸ್ 1612ರಲ್ಲೇ ಇದನ್ನು ದೊರೆ ಒಂದನೇ ಜೇಮ್ಸ್‌ಗೆ ಬರೆದರು: ದೊರೆ ಸಾಯುವ ಮನುಷ್ಯ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರವಿಲ್ಲ. ಯಹೂದಿಗಳನ್ನು, ಮುಸ್ಲಿಮರನ್ನು ಕೂಡ ನಂಬಿಕೆಗಾಗಿ ದಂಡಿಸಬಾರದು ಎಂದರು. ತಮ್ಮವರಿಗಷ್ಟೇ ಕೇಳಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಅವರನ್ನು ನ್ಯೂಗೇಟ್ ಜೈಲಿಗೆ ಹಾಕಿದರು.

ಅಮೆರಿಕದಲ್ಲಿ ಜಗಳ ತೆರಿಗೆಯದು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳಲ್ಲಿ ಸರ್ಕಾರದ ಬೆಂಬಲವಿದ್ದ ಕಾಂಗ್ರಿಗೇಷನಲ್ ಎಂಬ ಪಂಗಡದ ಚರ್ಚಿನ ಪಾದ್ರಿಗಳ ಸಂಬಳಕ್ಕೆ ಜನರಿಂದ ತೆರಿಗೆ ವಸೂಲಿ ಮಾಡುತ್ತಿದ್ದರು. ಬ್ಯಾಪ್ಟಿಸ್ಟರಿಗೆ ಮಾಫಿ ಇತ್ತು, ನಿಜ. ಆದರೆ ತಾನು ಬ್ಯಾಪ್ಟಿಸ್ಟ್ ಅಂತ ಚೀಟಿ ಬರೆಸಿ ಒಪ್ಪಿಸಬೇಕಿತ್ತು. ಹೇಗೂ ದುಡ್ಡು ಉಳಿಯುತ್ತದಲ್ವಾ, ಚೀಟಿ ಕೊಟ್ಟರೇನು ಕಷ್ಟ? ಐಸಾಕ್ ಬ್ಯಾಕಸ್ ಎಂಬ ಪಾದ್ರಿ 1773ರಲ್ಲಿ ಚೀಟಿಯನ್ನೇ ಕೊಡಬೇಡಿ ಎಂದರು. ಕೊಟ್ಟರೆ, ಧರ್ಮದ ವಿಷಯದಲ್ಲಿ ಮಾಫಿ ಕೊಡುವ ಅಧಿಕಾರ ಸರ್ಕಾರಕ್ಕಿದೆ ಅಂತ ನಾವೇ ಒಪ್ಪಿದಂತೆ ಎಂಬುದು ಅವರ ವಾದ. ಎಷ್ಟು ಸೂಕ್ಷ್ಮ ನೋಡಿ! ಡ್ಯಾನ್‌ಬರಿಯವರು ಜೆಫರ್ಸನ್‌ಗೆ ಬರೆದ ಪತ್ರದ ತಿರುಳೂ ಇದೇ. ನಮಗಿರುವ ಧಾರ್ಮಿಕ ಸ್ವಾತಂತ್ರ್ಯವನ್ನು ಯಾರೋ ಮಾಡಿದ ಉಪಕಾರ ಎಂಬಂತೆ ಅನುಭವಿಸುತ್ತಿದ್ದೇವೆ, ಹಕ್ಕು ಎಂದಲ್ಲ, ಅಂತ ನೊಂದು ಬರೆದಿದ್ದರು. ಉಪಕಾರವನ್ನು ಕೊಟ್ಟವರು ನಾಳೆ ಕಿತ್ತುಕೊಳ್ಳಬಹುದು. ಯಾವುದೇ ಕಾನೂನಿನಲ್ಲಿ ‘ವಿನಾಯಿತಿ’ ಕಂಡಾಗಲೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ಯಾರ ಕೈಯಲ್ಲಿದೆ?

ಜೆಫರ್ಸನ್ ಉತ್ತರದಿಂದ ಕನೆಕ್ಟಿಕಟ್‌ನಲ್ಲಿ ಏನೂ ಬದಲಾಗಲಿಲ್ಲ. ಧರ್ಮದ ವಿಷಯದಲ್ಲಿ ಸರ್ಕಾರ ತಲೆಹಾಕಬಾರದು ಎನ್ನುವ ಸಂವಿಧಾನದ ಮೊದಲ ತಿದ್ದುಪಡಿ ಆಗ ಕೇಂದ್ರ ಸರ್ಕಾರವನ್ನಷ್ಟೇ ಕಟ್ಟಿಹಾಕಿತ್ತು, ರಾಜ್ಯಗಳನ್ನಲ್ಲ. ಹಾಗಾಗಿ ಬ್ಯಾಪ್ಟಿಸ್ಟರು ಬೇರೆ ಪಂಗಡಗಳ ಜೊತೆ ಸೇರಿ ಊರೂರಲ್ಲಿ ಅರ್ಜಿ ಹಾಕುತ್ತಲೇ ಇರಬೇಕಾಯಿತು. ಕನೆಕ್ಟಿಕಟ್ 1818ರಲ್ಲಿ ಹೊಸ ಸಂವಿಧಾನ ಬರೆದುಕೊಂಡು ಸರ್ಕಾರಿ ಚರ್ಚನ್ನು ಕೈಬಿಟ್ಟಿತು. ಮ್ಯಾಸಚೂಸೆಟ್ಸ್ ಅದನ್ನು ಮಾಡಿದ್ದು 1833ರಲ್ಲಿ, ಬ್ಯಾಕಸ್ ತೀರಿಹೋಗಿ 27 ವರ್ಷ ಆದಮೇಲೆ.