ಹೊಳೆ ಬತ್ತಿದ ಮೇಲೆ ಹುಟ್ಟಿದ ಸೈನಿಕ

1955ರ ಜನವರಿ 24ರ ಬೆಳಿಗ್ಗೆ, ಅಮೆರಿಕದ ಅರಿಜೋನಾ ರಾಜ್ಯದ ಸಕಟೋನ್ ಹಳ್ಳಿಯ ಹತ್ತಿರ ಪಾಳುಬಿದ್ದ ಮಣ್ಣಿನ ಗುಡಿಸಲಿನ ಪಕ್ಕದಲ್ಲಿ ಒಬ್ಬನ ಹೆಣ ಸಿಕ್ಕಿತು. ವಯಸ್ಸು 32. ಹತ್ತಿ ಬಿಡಿಸಿ, ಸಿಕ್ಕ ಹೊಲಗೆಲಸ ಮಾಡಿ ಬದುಕುತ್ತಿದ್ದವನು. ಹಿಂದಿನ ರಾತ್ರಿ ಇಸ್ಪೀಟು ಆಡಿದ್ದ, ಕುಡಿದಿದ್ದ. ಹೊರಗೆ ಮರುಭೂಮಿಯ ಚಳಿಯಿತ್ತು. ಸಾವಿನ ಕಾರಣವನ್ನು ಅಧಿಕಾರಿಗಳು ಚಳಿ ಮತ್ತು ಮದ್ಯ ಎಂದು ಬರೆದು ಮುಗಿಸಿದರು.

ಅವನ ಬೆನ್ನು ಅಮೆರಿಕದ ಮನೆಮನೆಗೂ ಪರಿಚಿತವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಆರು ಯೋಧರು ಬಾವುಟ ನೆಡುತ್ತಿರುವ ಆ ಪ್ರಸಿದ್ಧ ಚಿತ್ರವನ್ನು ನೀವೂ ನೋಡಿರುತ್ತೀರಿ. ಎಡತುದಿಯಲ್ಲಿ, ಕಂಬ ಆಗಲೇ ಕೈತಪ್ಪಿ ಮೇಲೆದ್ದಿದ್ದರೂ ಅದರತ್ತ ಕೈ ಚಾಚಿಯೇ ಇರುವವನು ಐರಾ ಹೇಯ್ಸ್.

ಐರಾನ ಕಥೆಯನ್ನು ಎಲ್ಲರೂ ಬಾಟಲಿಯಿಂದ ಶುರು ಮಾಡುತ್ತಾರೆ. ಅದನ್ನು ಹೊಳೆಯಿಂದ ಶುರು ಮಾಡಬೇಕು ಎಂಬುದು ನನ್ನ ಹಟ.

ಅವನ ಜನರನ್ನು ಹೊರಗಿನವರು ಪೀಮಾ ಎಂದು ಕರೆದರು. ಅವರು ತಮ್ಮನ್ನು ಕರೆದುಕೊಳ್ಳುವುದು ಅಕಿಮೆಲ್ ಓಧಾಮ್ ಎಂದು. ಹಾಗೆಂದರೆ ಹೊಳೆಯ ಜನ. ಹೊಳೆಯ ಹೆಸರನ್ನು ಗಿಲಾ ಎಂದು ಬರೆದು ಹೀಲಾ ಎಂದು ಓದುತ್ತಾರೆ. ಮಳೆಯೇ ಅಪರೂಪವಾದ ಆ ಸೀಮೆಯಲ್ಲಿ ಅವರ ಪೂರ್ವಿಕರು ನೂರಾರು ಮೈಲಿ ಕಾಲುವೆ ತೋಡಿ, ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕುಂಬಳ, ಹತ್ತಿ ಬೆಳೆದಿದ್ದರು. ಆಮೇಲೆ ಗೋಧಿಯೂ ಬಂತು. 1849ರ ನಂತರ ಕ್ಯಾಲಿಫೋರ್ನಿಯಾದ ಚಿನ್ನ ಹುಡುಕಿಕೊಂಡು ಹೊರಟವರು ಮರುಭೂಮಿ ದಾಟಿ ಬದುಕಿ ಉಳಿದದ್ದು ಈ ರೈತರ ಹಿಟ್ಟು, ನೀರಿನಿಂದ. ಅಂತರ್ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವೂ ಇವರಿಂದ ಗೋಧಿ ಕೊಂಡಿತು. ಅಂದರೆ ಪೀಮಾಗಳು ಆಗ ಯಾರ ಎದುರೂ ಕೈ ಚಾಚಿದವರಲ್ಲ, ಚಾಚಿದ ಕೈಗೆ ಹಾಕಿದವರು.

1859ರಲ್ಲಿ ಸರ್ಕಾರ ಅವರಿಗೆ ಮೀಸಲು ಪ್ರದೇಶ ಗುರುತಿಸಿತು. ನೆಲ ಕೊಟ್ಟಿತು, ನೀರಿನ ಮಾತು ಎತ್ತಲಿಲ್ಲ. ಕಾವೇರಿ, ಕೃಷ್ಣೆಯ ಜಗಳ ಕೇಳುತ್ತಲೇ ಬೆಳೆದ ನಮಗೆ ಮುಂದೆ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದ ಸ್ಯಾಫರ್ಡ್, ಫ್ಲಾರೆನ್ಸ್ ಕಡೆ ನೆಲೆಸಿದ ವಲಸಿಗರು 1870ರ ಆಸುಪಾಸಿನಲ್ಲಿ ಹೊಳೆಯನ್ನು ತಮ್ಮ ಕಾಲುವೆಗಳಿಗೆ ತಿರುಗಿಸಿಕೊಳ್ಳತೊಡಗಿದರು. 1880ರ ದಶಕದಲ್ಲಿ ಫ್ಲಾರೆನ್ಸ್ ಕಾಲುವೆ ಬಂದಮೇಲೆ ಕೆಳಗೆ ಹರಿಯುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ. ನೀರನ್ನು ಮೊದಲು ಬಳಸಿದವನಿಗೇ ಮೊದಲ ಹಕ್ಕು ಎಂಬುದು ಪಶ್ಚಿಮ ಅಮೆರಿಕದ ಜಲನೀತಿ. ಆ ನೀತಿ ಪುಸ್ತಕದಲ್ಲೇ ಇತ್ತು. ಪೀಮಾಗಳಿಗಿಂತ ಮೊದಲು ಆ ನೀರು ಬಳಸಿದವರು ಯಾರಿದ್ದರು? ಆದರೂ ನಮ್ಮ ಕಾಲುವೆಗಳ ಕೊನೆ ಭಾಗದ ರೈತರಿಗೆ ಆಗುವುದೇ ಅವರಿಗೂ ಆಯಿತು. ಬೆಳೆ ಒಣಗಿತು, ಕ್ಷಾಮ ಬಂತು. ಗೋಧಿ ಮಾರುತ್ತಿದ್ದವರು ಮೆಸ್ಕೀಟ್ ಮರ ಕಡಿದು ಸೌದೆ ಮಾರಿದರು. ಹೊಲದ ಕಾಳು ಹೋಗಿ ಸರ್ಕಾರ ಹಂಚಿದ ಮೈದಾ, ಕೊಬ್ಬು ಊಟವಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ಕಾಯಿಲೆ ಇರುವ ಸಮುದಾಯಗಳಲ್ಲಿ ಒಂದೆಂದು ಇವರನ್ನು ವೈದ್ಯರು ಮುಂದೆ ದಶಕಗಟ್ಟಲೆ ಅಧ್ಯಯನ ಮಾಡಿದರು.

ಇಷ್ಟಾದರೂ ಇವರು ಸೈನ್ಯಕ್ಕೆ ಸೇರಿದರು. ಸಕಟೋನ್‌ನ ಮ್ಯಾಥ್ಯೂ ಹ್ವಾನ್ 1918ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಸತ್ತಾಗ ಆ ಯುದ್ಧದಲ್ಲಿ ಮಡಿದ ಅರಿಜೋನಾದ ಮೊದಲ ಯೋಧನೆನಿಸಿದ. ಐರಾನ ತಂದೆಯೂ ರೈತ, ಮೊದಲ ಮಹಾಯುದ್ಧದ ಸೈನಿಕ. ಅವರ ಮಗನಾಗಿ ಐರಾ 1923ರ ಜನವರಿ 12ರಂದು ಹುಟ್ಟುವ ಹೊತ್ತಿಗೆ ಹೊಳೆ ಬತ್ತಿ ಒಂದು ತಲೆಮಾರು ಕಳೆದಿತ್ತು.

1924ರ ಜೂನ್ ತಿಂಗಳ ಒಂದೇ ವಾರದಲ್ಲಿ ಎರಡು ಕಾಯ್ದೆಗಳು ಬಂದವು. ಒಂದು, ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಕೊಟ್ಟದ್ದು. ಇನ್ನೊಂದು, ಗಿಲಾ ಹೊಳೆಗೆ ಅಣೆಕಟ್ಟು ಕಟ್ಟಲು ಒಪ್ಪಿಗೆ ಕೊಟ್ಟದ್ದು. ಎರಡರ ಹಣೆಬರಹವೂ ಒಂದೇ ಆಯಿತು: ಕಾಗದದಲ್ಲಿ ತುಂಬಿ ತುಳುಕಿ, ನೆಲಕ್ಕೆ ಬರುವಾಗ ಬತ್ತಿಹೋದವು.

ಪೌರತ್ವ ಸಿಕ್ಕಿತಲ್ಲ ಎಂದು ಇದೇ ಮೀಸಲು ಪ್ರದೇಶದ ಇಬ್ಬರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ನೀವು ಸರ್ಕಾರದ ಪೋಷಣೆಯಲ್ಲಿರುವವರು, ಮತ ಹಾಕುವಂತಿಲ್ಲ ಎಂದು 1928ರಲ್ಲಿ ಅರಿಜೋನಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇನ್ನು ಅಣೆಕಟ್ಟು. 1930ರ ಮಾರ್ಚ್‌ನಲ್ಲಿ ಕೂಲಿಜ್ ಅಣೆಕಟ್ಟಿನ ಉದ್ಘಾಟನೆಗೆ ಬಂದಿದ್ದ ಹಾಸ್ಯಗಾರ ವಿಲ್ ರಾಜರ್ಸ್ ಜಲಾಶಯದಲ್ಲಿ ಬೆಳೆದಿದ್ದ ಹುಲ್ಲನ್ನು ನೋಡಿ, ಈ ಕೆರೆ ನನ್ನದಾಗಿದ್ದರೆ ಹುಲ್ಲು ಕೊಯ್ಯುತ್ತಿದ್ದೆ ಎಂದರು. ನಕ್ಕವರಿಗೆ ಅದು ತಮಾಷೆ. 1935ರ ನ್ಯಾಯಾಲಯದ ಆದೇಶದ ಪ್ರಕಾರ ಪೀಮಾಗಳಿಗೆ ವರ್ಷಕ್ಕೆ 2,10,000 ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 9 ಟಿಎಂಸಿ ನೀರು ಸಲ್ಲಬೇಕಿತ್ತು. ಜಲಾಶಯವೇ ತುಂಬದಿದ್ದರೆ ಆದೇಶವನ್ನು ಗದ್ದೆಗೆ ಹಾಯಿಸಲಾದೀತೆ?

ಐರಾ 1942ರ ಆಗಸ್ಟ್‌ನಲ್ಲಿ ಮರೈನ್ ಪಡೆ ಸೇರಿದ. ಅದೇ ಬೇಸಿಗೆಯಲ್ಲಿ ಸರ್ಕಾರ ಬುಡಕಟ್ಟಿನ ಆಕ್ಷೇಪಕ್ಕೆ ಕಿವಿಗೊಡದೆ ಇದೇ ಮೀಸಲು ನೆಲದಲ್ಲಿ ಜಪಾನಿ ಮೂಲದ ಅಮೆರಿಕನ್ನರಿಗೆ ಬಂಧನ ಶಿಬಿರ ಕಟ್ಟಿತು; ಒಂದು ಹಂತದಲ್ಲಿ ಅಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿದ್ದರು. ಮಗ ಜಪಾನಿನ ವಿರುದ್ಧ ಹೋರಾಡಲು ಹೋದ, ಊರಿನ ನೆಲ ಸೆರೆಮನೆಯಾಯಿತು.

1945ರ ಫೆಬ್ರುವರಿ 23ರ ಆ ಚಿತ್ರದಲ್ಲಿದ್ದ ಆರು ಜನರಲ್ಲಿ ಮೂವರು ಅದೇ ದ್ವೀಪದಲ್ಲಿ ಸತ್ತರು. ಉಳಿದವರೆಂದು ಗುರುತಿಸಿದ ಮೂವರನ್ನು ಸರ್ಕಾರ ಊರೂರು ಸುತ್ತಿಸಿ ಯುದ್ಧಸಾಲದ ಬಾಂಡು ಮಾರಿಸಿತು. 1,400 ಕೋಟಿ ಡಾಲರ್ ಗುರಿಯಿದ್ದ ಆ ಅಭಿಯಾನದಲ್ಲಿ 2,600 ಕೋಟಿ ಬಂತು. ಐರಾಗೆ ಮಾತ್ರ ಹೋದಲ್ಲೆಲ್ಲ ಹೆಗಲಿಗೆ ಕೈಹಾಕಿ ಗ್ಲಾಸು ಕೊಡುವವರು. ತನ್ನ ತುಕಡಿಯ 45 ಜನರಲ್ಲಿ ಸಾಯದೆ, ಗಾಯಗೊಳ್ಳದೆ ಉಳಿದವರು ಐವರೇ, ನಾನು ಎಂಥ ವೀರ ಎಂಬುದು ಅವನ ಸಂಕಟ. ಇನ್ನೊಂದು ಮುಳ್ಳೂ ಇತ್ತು. ಸತ್ತ ಗೆಳೆಯ ಹಾರ್ಲನ್ ಬ್ಲಾಕ್‌ನ ಜಾಗದಲ್ಲಿ ಬೇರೆಯವನ ಹೆಸರು ಅಚ್ಚಾಗಿತ್ತು. ಸುಮ್ಮನಿರು ಎಂದು ಮೇಲಿನವರು ಹೇಳಿದ್ದರು. ಐರಾ ಸುಮ್ಮನಿರಲಿಲ್ಲ. 1946ರಲ್ಲಿ ನಡೆದು, ಸಿಕ್ಕ ಗಾಡಿ ಹತ್ತಿ ಸುಮಾರು 2,000 ಕಿಲೋಮೀಟರ್ ದೂರದ ಟೆಕ್ಸಾಸ್‌ಗೆ ಹೋಗಿ ಬ್ಲಾಕ್‌ನ ತಂದೆಗೆ ನಿಜ ಹೇಳಿದ. ಮರುವರ್ಷ ದಾಖಲೆ ತಿದ್ದಲಾಯಿತು. ಕುಡುಕ ಎಂಬ ಒಂದೇ ಪದದಲ್ಲಿ ಅವನನ್ನು ಮುಗಿಸುವವರಿಗೆ ಈ ಪ್ರಯಾಣವನ್ನು ನೆನಪಿಸಬೇಕು ಎನಿಸುತ್ತದೆ. ಇನ್ನೂ ವಿಚಿತ್ರ ಸಂಗತಿ ಮುಂದಿತ್ತು: 2016 ಮತ್ತು 2019ರ ಮರುಪರಿಶೀಲನೆಗಳಲ್ಲಿ ಬಾಂಡು ಮಾರಲು ಹೋಗಿದ್ದ ಮೂವರ ಪೈಕಿ ಇನ್ನಿಬ್ಬರು ಆ ಚಿತ್ರದಲ್ಲಿ ಇರಲೇ ಇಲ್ಲ ಎಂದು ಗೊತ್ತಾಯಿತು. ನಿಜವಾಗಿ ಇದ್ದವನು ಐರಾ ಒಬ್ಬನೇ.

ಊರಿಗೆ ಮರಳಿದಾಗ ಅವನಿಗೆ ಮತದ ಹಕ್ಕಿರಲಿಲ್ಲ. 1948ರಲ್ಲಿ ಇನ್ನೊಂದು ಬುಡಕಟ್ಟಿನವರು ಮೊಕದ್ದಮೆ ಹೂಡಿ ಗೆದ್ದ ಮೇಲೆ ಹಳೆಯ ತೀರ್ಪು ರದ್ದಾಯಿತು. ಹಾಗೆ ಹೂಡಿದವರಲ್ಲೂ ಒಬ್ಬ ಮಾಜಿ ಸೈನಿಕನಿದ್ದ. ಮೂಲನಿವಾಸಿಗಳಿಗೆ ಮದ್ಯ ಮಾರುವುದು 1953ರವರೆಗೆ ಅಮೆರಿಕದ ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಕುಡಿತಕ್ಕಾಗಿ ಐರಾನನ್ನು ಸುಮಾರು 50 ಸಲ ಬಂಧಿಸಿದರು. ನಡುವೆ ಶಿಕಾಗೋದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಮೂಲನಿವಾಸಿಗಳನ್ನು ನೆಲದಿಂದ ಕಿತ್ತು ನಗರಕ್ಕೆ ನೆಡುವ ಸರ್ಕಾರಿ ಯೋಜನೆಯ ಕಾಲ ಅದು. ಅಲ್ಲಿ ಬೇರು ಹಿಡಿಯಲಿಲ್ಲ. 1954ರ ನವೆಂಬರ್ 10ರಂದು ಆ ಚಿತ್ರದ ಬೃಹತ್ ಕಂಚಿನ ಪ್ರತಿಮೆ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಅನಾವರಣಗೊಂಡಾಗ ಅಧ್ಯಕ್ಷ ಐಸೆನ್‌ಹೋವರ್ ಜೊತೆ ಅವನೂ ಇದ್ದ. ಈ ವೈಭವ ಹೇಗನಿಸುತ್ತಿದೆ ಎಂದು ವರದಿಗಾರನೊಬ್ಬ ಕೇಳಿದ್ದಕ್ಕೆ, ಹಿಡಿಸಲಿಲ್ಲ ಎಂದಷ್ಟೇ ಹೇಳಿದನಂತೆ. ಹತ್ತು ವಾರಗಳ ನಂತರ ಸತ್ತ. ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲೇ ಗೌರವಗಳೊಂದಿಗೆ ಮಣ್ಣು ಮಾಡಿದರು.

ನೀರಿದ್ದಿದ್ದರೆ ಐರಾ ಬದುಕುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಯುದ್ಧ ಅವನೊಳಗೆ ಬಿಟ್ಟುಹೋದದ್ದನ್ನು ಯಾವ ಕಾಲುವೆಯೂ ತೊಳೆಯುತ್ತಿರಲಿಲ್ಲವೇನೋ. ಆದರೆ ಯುದ್ಧ ಮುಗಿಸಿ ಬಂದ ರೈತನ ಮಗ ಮರಳಿ ಹಿಡಿಯಬಹುದಾಗಿದ್ದ ನೇಗಿಲಿಗೆ ಹಸಿ ನೆಲ ಇರಲಿಲ್ಲ ಎಂಬುದಂತೂ ನಿಜ.

ನೀರಿನ ಮೊಕದ್ದಮೆಗಳು ಅವನ ನಂತರವೂ ಅರ್ಧ ಶತಮಾನ ಎಳೆದವು. 2004ರಲ್ಲಿ ಅಮೆರಿಕದ ಕಾಂಗ್ರೆಸ್ ಒಪ್ಪಿದ ಇತ್ಯರ್ಥದಲ್ಲಿ ಗಿಲಾ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ ನೀರು ಎಂದಾಯಿತು. ಸುಮಾರು 28 ಟಿಎಂಸಿ. ನಮ್ಮ ಕೆಆರ್‌ಎಸ್ ಹಿಡಿಯುವುದರ ಅರ್ಧಕ್ಕಿಂತ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಬರುವುದು ಹಳೆಯ ಹೊಳೆಯಿಂದಲ್ಲ, ದೂರದ ಕೊಲರಾಡೊ ನದಿಯಿಂದ ತಂದ ಕಾಲುವೆಯಲ್ಲಿ. ಈಗ ಕೊಲರಾಡೊ ಕೂಡ ಸೊರಗುತ್ತಿದೆ. 2023ರಲ್ಲಿ, ತಮ್ಮ ಪಾಲಿನ ನೀರಿನಲ್ಲಿ ಒಂದಿಷ್ಟನ್ನು ಬಳಸದೆ ಜಲಾಶಯದಲ್ಲೇ ಉಳಿಸಿದರೆ ಮೂರು ವರ್ಷಕ್ಕೆ 15 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಸರ್ಕಾರ ಹೊಳೆಯ ಜನರೊಂದಿಗೆ ಒಪ್ಪಂದ ಮಾಡಿಕೊಂಡಿತು.