ಎಲ್ಲರಿಗೂ ಒಂದೇ ಶಾಲೆ ಯಾಕೆ ಆಗಲಿಲ್ಲ?

1856ರ ಜೂನ್. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆಗ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಹಾರ್ ಜಾತಿಯ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಶಾಲೆ ಒಪ್ಪಲಿಲ್ಲ. ಅರ್ಜಿ ಮುಂಬೈ ಸರ್ಕಾರದವರೆಗೂ ಹೋಯಿತು. ಅಲ್ಲಿಂದ ಬಂದ ಉತ್ತರ ಈಗ ಓದಿದರೂ ಸಿಟ್ಟು ಬರುತ್ತದೆ: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನನ್ನು ಸೇರಿಸಿಕೊಂಡು ಉಳಿದವರು ಶಾಲೆ ಬಿಡುವ ಹಾಗೆ ಮಾಡಲಾಗದು. ವಿಷಯ ಲಂಡನ್ನಿಗೆ ಹೋಯಿತು. ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಹೇಳಿದರು. ಕಾಗದದ ಮೇಲೆ ಹುಡುಗ ಗೆದ್ದ. ಆದರೆ 1882ರ ಹಂಟರ್ ಶಿಕ್ಷಣ ಆಯೋಗ ಕೂಡ ಈ ತತ್ವವನ್ನು ಒಪ್ಪುತ್ತಲೇ, ಜಾರಿ ಮಾಡುವಾಗ ಹುಷಾರಾಗಿರಿ, ಬೇಕಾದ ಕಡೆ ಬೇರೆ ಶಾಲೆ ತೆರೆಯಿರಿ ಎಂದಿತು.

ಉಳಿದವರು ಬಿಟ್ಟು ಹೋಗುತ್ತಾರೆ ಎಂಬ ಆ ಭಯ ಸುಳ್ಳಾಗಿರಲಿಲ್ಲ. ನಮ್ಮ ಶಾಲೆಗಳ ಚರಿತ್ರೆಯಲ್ಲಿ ಅದು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬಂದಿದೆ.

ಮೈಸೂರು ಸಂಸ್ಥಾನ ಸ್ವಲ್ಪ ಮುಂದಿತ್ತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು. 1915ರಲ್ಲಿ ಸರ್ಕಾರಿ ಶಾಲೆಗಳು ಆಗ ಪಂಚಮರು ಎಂದು ಕರೆಯುತ್ತಿದ್ದ ದಲಿತ ಸಮುದಾಯದ ಮಕ್ಕಳಿಗೂ ತೆರೆದಿರಬೇಕು ಎಂಬ ಆದೇಶ ಬಂತು. ವಿರೋಧ ಜೋರಾಗಿಯೇ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಇನ್ನೊಂದು ಹೆಜ್ಜೆ ಇಟ್ಟಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡಿ ಎಂದಿತು, ಜೊತೆಗೆ ವಿದ್ಯಾರ್ಥಿವೇತನ, ಹಾಸ್ಟೆಲ್ ಕೊಡಿ ಎಂದೂ ಹೇಳಿತು. ನನ್ನ ಮಟ್ಟಿಗೆ ಹಾಸ್ಟೆಲ್ಲೇ ದೊಡ್ಡ ಸಂಗತಿ. ಶಾಲೆಯ ಬಾಗಿಲು ತೆರೆದಿದ್ದರೆ ಸಾಲದು. ಹಳ್ಳಿಯ ಹುಡುಗ ಊಟ ಮಾಡಿ ಮಲಗುವುದೆಲ್ಲಿ? ಕರ್ನಾಟಕದಲ್ಲಿ ಎಷ್ಟೋ ಮನೆಗಳ ಮೊದಲ ಪದವೀಧರರು ಹಾಸ್ಟೆಲ್ ಅನ್ನದಲ್ಲೇ ಓದಿದವರು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ, ಅಂದರೆ ಅಕ್ಷರ ದಾಸೋಹವೂ ಇದೇ ಬಗೆಯ ಯೋಜನೆ.

ಸಂವಿಧಾನ 10 ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದಿತ್ತು. 1960 ಬಂತು, ಹೋಯಿತು. 1964–66ರ ಕೊಠಾರಿ ಆಯೋಗ ಇನ್ನೂ ಗಟ್ಟಿಯಾದ ಮಾತಾಡಿತು: ಒಂದು ಬಡಾವಣೆಯ ಎಲ್ಲ ಮಕ್ಕಳೂ, ಬಡವರಿರಲಿ ಶ್ರೀಮಂತರಿರಲಿ, ಅಲ್ಲಿನ ಒಂದೇ ಶಾಲೆಗೆ ಹೋಗಲಿ. 1968ರ ಶಿಕ್ಷಣ ನೀತಿಯೂ ಇದನ್ನು ಒಪ್ಪಿತು. ಜಾರಿ ಮಾತ್ರ ಆಗಲಿಲ್ಲ. ಈ ಕಥೆಯಲ್ಲಿ ಕೈತಪ್ಪಿದ ದೊಡ್ಡ ಅವಕಾಶ ಇದೇ ಅನಿಸುತ್ತದೆ.

ಅಷ್ಟರಲ್ಲಿ ಗೋಡೆ ಜಾತಿಯಿಂದ ಫೀಸಿಗೆ, ಇಂಗ್ಲಿಷಿಗೆ ಸರಿದಿತ್ತು. ದುಡ್ಡಿದ್ದವರು ಖಾಸಗಿ ಶಾಲೆಗೆ ಹೊರಟರು. 1994ರಲ್ಲಿ ರಾಜ್ಯ ಸರ್ಕಾರ 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಎಂದು ಆದೇಶ ಹೊರಡಿಸಿತು. ಕನ್ನಡ ಮಾಧ್ಯಮದ ಅನುಮತಿ ಪಡೆದು ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದ ಶಾಲೆಗಳು ಬಹಳ. 2014ರಲ್ಲಿ ಸುಪ್ರೀಂ ಕೋರ್ಟ್ ಈ ಕಡ್ಡಾಯವನ್ನೇ ತೆಗೆದುಹಾಕಿತು. ಅಲ್ಲಿಯವರೆಗೆ ಆದೇಶ ನಿಯತ್ತಾಗಿ ಜಾರಿಯಾಗಿದ್ದು ಸರ್ಕಾರಿ ಶಾಲೆಯಲ್ಲಿ ಮಾತ್ರ, ಅಂದರೆ ಬಡವರ ಮಕ್ಕಳ ಮೇಲೆ.

2010ರ ಏಪ್ರಿಲ್ 1ರಂದು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು, ಫೀಸನ್ನು ಸರ್ಕಾರ ತುಂಬಿಕೊಡುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಇದರಿಂದ ಹೊರಗಿಟ್ಟಿತು. ಕರ್ನಾಟಕದಲ್ಲಿ ಇನ್ನೊಂದು ತೊಂದರೆ ಕಂಡಿತು. ಸರ್ಕಾರ ಒಂದು ಕಡೆ ಖಾಸಗಿ ಶಾಲೆಗೆ ದುಡ್ಡು ಕಟ್ಟುತ್ತಿತ್ತು, ಇನ್ನೊಂದು ಕಡೆ ಪಕ್ಕದಲ್ಲೇ ತನ್ನ ಶಾಲೆಗಳು ಖಾಲಿಯಾಗುತ್ತಿದ್ದವು. 2018ರ ಕೊನೆಯಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. 2019ರಲ್ಲಿ ಹೈಕೋರ್ಟ್ ಕೂಡ ಇದನ್ನು ಒಪ್ಪಿತು. ಸೀಟುಗಳು ಒಮ್ಮೆಲೇ ಇಳಿದವು.

ಖಜಾನೆಯ ಲೆಕ್ಕದಲ್ಲಿ ಇದು ಸರಿ ಇರಬಹುದು. ಆದರೆ ದುಡ್ಡಿದ್ದವರ ಮಕ್ಕಳು ಎಲ್ಲಿಗೆ ಬೇಕಾದರೂ ಹೋಗಬಹುದು, ಇಲ್ಲದವರು ಮಾತ್ರ ಹತ್ತಿರದ ಶಾಲೆಗೇ ಹೋಗಬೇಕು ಎಂದಾಯಿತು, ಅಲ್ವಾ? ಕೊಠಾರಿ ಆಯೋಗ ಕೇಳಿದ್ದು ಇದನ್ನಲ್ಲ. ಅದೇ 2019ರಲ್ಲಿ ಸರ್ಕಾರ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಕನ್ನಡದ ಗತಿ ಏನು ಎಂದು ಸಾಹಿತಿಗಳು ವಿರೋಧಿಸಿದರು. ತಂದೆತಾಯಂದಿರು ಮಾತ್ರ ಸೀಟು ಕೇಳಿಕೊಂಡು ಬಂದರು.